ಜಮಾ ಕಮ್ಮಿ, ಖರ್ಚು ಜಾಸ್ತಿ

ರಾತ್ರಿ ಹನ್ನೊಂದೂ ಮುಕ್ಕಾಲು. ನೀರು ಕುಡಿಯೋಣ ಅಂತ ಎದ್ದೆ. ಹಾಲ್‌ನಲ್ಲಿ ಕತ್ತಲು. ಸೋಫಾ ಮೇಲೆ ಯಾರೋ ಕೂತು ಎಡಗೈಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ಬೀಸುತ್ತಿದ್ದಾರೆ. ದೀಪ ಹಾಕಿದೆ. ನಮ್ಮ ಭಾವಮೈದ.

"ಏನೋ ಇದು, ಕೈ ಜೋಮು ಹಿಡಿದಿದೆಯಾ?"

"ಇಲ್ಲ ಭಾವ, ಇನ್ನೂ 600 ಹೆಜ್ಜೆ ಬಾಕಿ. ಹನ್ನೆರಡಕ್ಕೆ ದಿನ ಮುಗಿದುಹೋಗುತ್ತೆ."

ಕಾಲು? ಕಾಲು ಟೀಪಾಯಿ ಮೇಲೆ ಆರಾಮವಾಗಿ ಚಾಚಿಕೊಂಡಿತ್ತು. 9,400 ಹೆಜ್ಜೆ ನಡೆದು ದಣಿದ ಕಾಲು, ಪಾಪ. ಉಳಿದದ್ದನ್ನು ಕೈ ನಡೆಯುತ್ತಿತ್ತು. ಹನ್ನೆರಡಕ್ಕೆ ಮೂರು ನಿಮಿಷ ಇದ್ದಾಗ, ಆ ಕೈಗೆ ಕಟ್ಟಿದ್ದ ಹೆಜ್ಜೆ ಎಣಿಸುವ ವಾಚು ಗುರ್ ಅಂತು. ಪರದೆ ಮೇಲೆ ಪಟಾಕಿ ಸಿಡಿಯಿತು. ಆತ ಗೆದ್ದವನ ಹಾಗೆ ನನ್ನ ಮುಖ ನೋಡಿ ಮಲಗಲು ಹೋದ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋ ಈ ಅಂಕಿ ಯಾವುದೋ ದೊಡ್ಡ ಸಂಶೋಧನೆಯ ಫಲ ಅಂತ ನಾನೂ ಬಹಳ ದಿನ ನಂಬಿದ್ದೆ. ಅದು ಹುಟ್ಟಿದ್ದು ಮಾರಾಟಕ್ಕೆ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆದು ಜಪಾನಿನಲ್ಲಿ ಎಲ್ಲರಿಗೂ ಮೈ ಬಗ್ಗೆ ಕಾಳಜಿ ಬಂದಿತ್ತು. ಮಾರನೇ ವರ್ಷ ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ತಂದಿತು. ಅದಕ್ಕಿಟ್ಟ ಹೆಸರು ಮಾನ್ಪೊ-ಕೆ. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೇಳೋಕೆ ಚೆನ್ನಾಗಿತ್ತು, ನೆನಪಿಡೋಕೆ ಸುಲಭ, ಉಳೀತು. ಏಳೂವರೆ ಸಾವಿರ ಅಂತ ಹೆಸರಿಟ್ಟಿದ್ದರೆ ಆ ರಾತ್ರಿ ನಮ್ಮ ಹುಡುಗ ಹೊತ್ತಿಗೆ ಮುಂಚೆ ಮಲಗಬಹುದಿತ್ತು.

ಈಗ ನಾವೆಲ್ಲ ಲೆಕ್ಕಿಗರು. ತಿಂದದ್ದು ಜಮಾ, ಸುಟ್ಟದ್ದು ಖರ್ಚು. ಖರ್ಚು ಜಾಸ್ತಿ ಆದರೆ ತೂಕ ಇಳಿಯುತ್ತೆ. ಈ ಸಿದ್ಧಾಂತದಲ್ಲಿ ತಪ್ಪೇನಿಲ್ಲ. ತಪ್ಪು ಇರೋದು ಲೆಕ್ಕದ ಪುಸ್ತಕ ಬರೆಯೋವರಲ್ಲಿ. ತೆರಿಗೆ ಅಧಿಕಾರಿ ಬರ್ತಾನೆ ಅಂತ ಹೆದರಿದ ವ್ಯಾಪಾರಿ ಹೇಗೆ ಬರೀತಾನೋ ಹಾಗೆ ಬರೀತೀವಿ. ಜಮಾ ಆದಷ್ಟೂ ಕಮ್ಮಿ, ಖರ್ಚು ಆದಷ್ಟೂ ಜಾಸ್ತಿ.

ಅಮೆರಿಕದಲ್ಲಿ ಇದನ್ನು ಹಿಡಿದು ಅಳೆದಿದ್ದಾರೆ. "ಏನೂ ತಿನ್ನಲ್ಲ, ಆದ್ರೂ ಇಳಿಯಲ್ಲ" ಅನ್ನೋ ಹತ್ತು ಜನರನ್ನು ಕರೆತಂದರು. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನೋದು ಅವರ ದೂರು. ಅವರು ನಿಜಕ್ಕೂ ತಿಂದದ್ದು, ಸುಟ್ಟದ್ದು ಎಷ್ಟು ಅಂತ ವಿಜ್ಞಾನಿಗಳು ಬೇರೆ ದಾರಿಯಿಂದ ಲೆಕ್ಕ ಹಾಕಿದರು. 1992ರಲ್ಲಿ ಫಲಿತಾಂಶ ಅಚ್ಚಾಯಿತು. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು. ಮೈ ದಂಡಿಸಿದ್ದನ್ನು ಶೇ 51ರಷ್ಟು ಜಾಸ್ತಿ ಹೇಳಿದ್ದರು. ಎಲ್ಲರೂ ಬೈಯುವ ಆ ಮೆಟಬಾಲಿಸಂ, ಅಂದರೆ ದೇಹ ಕ್ಯಾಲರಿ ಸುಡುವ ವೇಗ, ಇದೆಯಲ್ಲ, ಅದು ಸರಿಯಾಗೇ ಇತ್ತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಮೆಟಬಾಲಿಸಂ ಆ ಮೇಕೆ.

ಅವರು ಸುಳ್ಳು ಹೇಳುತ್ತಿದ್ದರು ಅಂತ ನನಗೆ ಅನ್ನಿಸಲ್ಲ. ಮಗಳ ತಟ್ಟೆಯಲ್ಲಿ ಉಳಿದದ್ದನ್ನು ತಿಂದರೆ ಅದು ಮಗಳ ಲೆಕ್ಕ. ನಿಂತುಕೊಂಡು ತಿಂದದ್ದು ಊಟ ಅಲ್ಲ. ರುಚಿ ನೋಡಿದ್ದು ತಿಂದ ಹಾಗಲ್ಲ. ನನ್ನ ಮನೆಯಲ್ಲಿ ಈ ಮೂರೂ ನಿಯಮ ಜಾರಿಯಲ್ಲಿವೆ, ಮಾಡಿದವನು ನಾನೇ.

ಆಗೆಲ್ಲ ಈ ಕಳ್ಳಲೆಕ್ಕವನ್ನು ಕೈಯಾರೆ ಬರೆಯಬೇಕಿತ್ತು. ಈಗ ಅದಕ್ಕೆ ವಾಚು ಇದೆ.

1890ರ ದಶಕದಲ್ಲಿ ವಿಲ್ಬರ್ ಅಟ್‌ವಾಟರ್ ಅನ್ನೋ ಅಮೆರಿಕದ ವಿಜ್ಞಾನಿ, ಮನುಷ್ಯ ಎಷ್ಟು ಶಾಖ ಹೊರಹಾಕ್ತಾನೆ ಅಂತ ಅಳೆಯಲು ಒಂದು ಪುಟ್ಟ ಕೋಣೆ ಕಟ್ಟಿಸಿದ. ಒಳಗೆ ಮಡಚುವ ಹಾಸಿಗೆ, ಮೇಜು, ಕುರ್ಚಿ. ಒಬ್ಬನನ್ನು ಒಳಗೆ ಬಿಟ್ಟು ಬಾಗಿಲು ಭದ್ರವಾಗಿ ಮುಚ್ಚೋದು. ದಿನಗಟ್ಟಲೆ. ಒಳಗೆ ಹೋದ ಊಟ ತೂಗೋದು, ಹೊರಗೆ ಬಂದ ಉಸಿರು ಅಳೆಯೋದು, ಇನ್ನೂ ಏನೇನು ಹೊರಗೆ ಬರುತ್ತೋ ಅದನ್ನೂ ಬಿಡದೆ ತೂಗೋದು. ಅಷ್ಟೆಲ್ಲ ಪಡಿಪಾಟಲು ಬಿದ್ದ ಮೇಲೆ ಆತನ ಕಡೆಯಿಂದ ನಮಗೆ ಸಿಕ್ಕಿದ್ದು ಮೂರು ಅಂಕಿ. ಒಂದು ಗ್ರಾಂ ಪ್ರೊಟೀನ್‌ಗೆ 4 ಕ್ಯಾಲರಿ, ಒಂದು ಗ್ರಾಂ ಕಾರ್ಬೋಹೈಡ್ರೇಟ್‌ಗೆ 4, ಒಂದು ಗ್ರಾಂ ಕೊಬ್ಬಿಗೆ 9. ಇವತ್ತಿಗೂ ಪೊಟ್ಟಣದ ಹಿಂದಿನ ಲೆಕ್ಕ ಹೆಚ್ಚುಕಮ್ಮಿ ಇದರ ಮೇಲೇ ನಿಂತಿದೆ.

ಅಟ್‌ವಾಟರ್‌ಗೆ ಕೋಣೆ ಬೇಕಾಯಿತು. ನಮ್ಮ ವಾಚಿಗೆ ಮಣಿಕಟ್ಟು ಸಾಕು. ಚರ್ಮದ ಮೇಲೆ ಹಸಿರು ದೀಪ ಮಿನುಗಿಸಿ, ಕೈ ಎಷ್ಟು ಅಲ್ಲಾಡಿತು ನೋಡಿ, "ನೀವು 412 ಕ್ಯಾಲರಿ ಸುಟ್ಟಿದ್ದೀರಿ" ಅನ್ನುತ್ತೆ. 410 ಅಲ್ಲ, 415 ಅಲ್ಲ, 412. ಕೊನೆಯ ಆ 2 ನೋಡಿದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತೆ? 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಬಗೆಯ ವಾಚು-ಕೈಪಟ್ಟಿಗಳನ್ನು 60 ಜನರ ಕೈಗೆ ಕಟ್ಟಿ ನೋಡಿದರು. ಎದೆಬಡಿತ ಎಣಿಸೋದರಲ್ಲಿ ಬಹುತೇಕ ಎಲ್ಲವೂ ಪಾಸು. ಕ್ಯಾಲರಿಯಲ್ಲಿ, ಏಳರಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪು. ಕೊನೆಯದು ಶೇ 93. ಅಷ್ಟು ತಪ್ಪು ಹೇಳೋಕೆ ವಾಚೇ ಬೇಕಿಲ್ಲ, ನಮ್ಮ ಭಾವಮೈದ ಸಾಕು.

ಇನ್ನೊಂದು ಸಣ್ಣ ಚಮತ್ಕಾರವಿದೆ. 70 ಕೆಜಿ ತೂಕದ ಮನುಷ್ಯ ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 120 ಕ್ಯಾಲರಿ. ಸರಿ. ಆದರೆ ಆ ಅರ್ಧ ಗಂಟೆ ಅವನು ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೂ 35ರಷ್ಟು ಹೇಗೂ ಸುಡುತ್ತಿದ್ದ. ಬದುಕಿರೋಕೆ ಅಷ್ಟು ಬೇಕು. ಅದನ್ನೂ ಸೇರಿಸಿ ಹೇಳಿದರೆ ಉಸಿರಾಡಿದ್ದಕ್ಕೂ ಕೂಲಿ ಕೊಟ್ಟ ಹಾಗೆ. ನಾವು ಆ ಕೂಲಿ ಹಿಡಿದುಕೊಂಡು ನೆಟ್ಟಗೆ ಫ್ರಿಜ್ ಹತ್ತಿರ ಹೋಗ್ತೀವಿ. "ಇವತ್ತು ವಾಕಿಂಗ್ ಆಗಿದೆ, ಪರವಾಗಿಲ್ಲ."

ಖರ್ಚಿನ ಪುಟ ಇಷ್ಟು ಚೆಂದ ಇರುವಾಗ ಜಮಾ ಪುಟ ಹಿಂದೆ ಬೀಳಬಾರದಲ್ಲ. ಅಲ್ಲಿ ಪ್ರೊಟೀನ್ ಇದೆ.

ಹಿಂದೆ ಪ್ರೊಟೀನ್ ಅಂದರೆ ಆಹಾರದಲ್ಲಿರುವ ಒಂದು ವಸ್ತು. ಈಗ ಅದೊಂದು ಮಾಫಿ ಪತ್ರ. ಬಿಸ್ಕತ್ತು ತಿಂದರೆ ತಪ್ಪು, ಪ್ರೊಟೀನ್ ಬಿಸ್ಕತ್ತು ತಿಂದರೆ ಶಿಸ್ತು. ಐಸ್‌ಕ್ರೀಮ್ ಚಪಲ, ಪ್ರೊಟೀನ್ ಐಸ್‌ಕ್ರೀಮ್ ಸಾಧನೆ. ಪ್ರೊಟೀನ್ ಚಿಪ್ಸ್ ಬಂತು, ಪ್ರೊಟೀನ್ ಕಾಫಿ ಬಂತು, ಪ್ರೊಟೀನ್ ನೀರೂ ಬಂತು. ಶಾಂಪೂ ಬಾಟಲಿ ಮೇಲೂ ಪ್ರೊಟೀನ್ ಅಂತ ಬರೆದಿರುತ್ತೆ. ಅದನ್ನು ಯಾರೂ ಇನ್ನೂ ಲೋಟಕ್ಕೆ ಹಾಕಿಲ್ಲ ಅನ್ನೋದು ನನ್ನ ತಿಳುವಳಿಕೆ.

ಮೊನ್ನೆ ನಾನೂ ಒಂದು ಪ್ರೊಟೀನ್ ಬಾರ್ ತಂದೆ. ಮುಂದೆ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ "10 ಗ್ರಾಂ ಪ್ರೊಟೀನ್". ಪಕ್ಕದಲ್ಲಿ ಬೈಸೆಪ್ಸ್ ಉಬ್ಬಿಸಿದ ಒಂದು ತೋಳು. ತಲೆ ಇಲ್ಲ, ತೋಳು ಮಾತ್ರ. ಹಿಂದೆ, ಅಂಟಿಸಿದ ಕಡೆ ಮಡಿಕೆಯೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ "240 ಕ್ಯಾಲರಿ". ನನ್ನ ಕಣ್ಣಿಗೆ ಕಾಣಲಿಲ್ಲ, ಮಗಳಿಗೆ ಓದೋಕೆ ಕೊಟ್ಟೆ. ಅಟ್‌ವಾಟರ್ ಕತೆಯನ್ನು ನಾನೇ ಅವಳಿಗೆ ಹೇಳಿದ್ದೆ, ಅದೇ ತಪ್ಪಾಯಿತು.

"ಅಪ್ಪಾ, ಹತ್ತು ನಾಲ್ಕಲೆ ನಲವತ್ತು. ಉಳಿದ ಇನ್ನೂರು ಯಾರದ್ದು?"

"ಸಕ್ಕರೆದು, ಎಣ್ಣೆದು ಇರಬೇಕು ಪುಟ್ಟಿ."

"ಹಾಗಾದ್ರೆ ಇದು ಸಕ್ಕರೆ ಬಾರ್ ಅಲ್ವಾ?"

ಆ ತೋಳು ಏನೂ ಹೇಳಲಿಲ್ಲ. ಎರಡು ಕೋಳಿಮೊಟ್ಟೆಯಲ್ಲಿ 12 ಗ್ರಾಂ ಪ್ರೊಟೀನ್ ಇರುತ್ತೆ, ಕ್ಯಾಲರಿ 150ರ ಆಸುಪಾಸು. ಆದರೆ ಮೊಟ್ಟೆಯ ಮೇಲೆ ಯಾರೂ ತೋಳು ಅಚ್ಚು ಹಾಕಿಲ್ಲ.

ಹೀಗೆಲ್ಲ ಬರೆದೆ ಅಂತ ಪ್ರೊಟೀನ್ ಮೇಲೆ ನನಗೆ ಹಗೆ ಇದೆ ಅಂದುಕೊಳ್ಳಬೇಡಿ. ಪಾಪ, ಅದು ಒಳ್ಳೆಯದೇ. ಹೊಟ್ಟೆ ತುಂಬಿದ ಹಾಗೆ ಬಹಳ ಹೊತ್ತು ಅನ್ನಿಸುತ್ತೆ. ಅದನ್ನು ಜೀರ್ಣಿಸೋಕೇ ಅದರ ಕ್ಯಾಲರಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಹೋಗುತ್ತೆ. ಕೊಬ್ಬಿನಲ್ಲಿ 3 ಹೋದರೆ ಹೆಚ್ಚು. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತೆ. ಸಾಕಷ್ಟು ಪ್ರೊಟೀನ್ ತಿಂದು, ಜೊತೆಗೆ ಭಾರ ಎತ್ತಿದರೆ, ಆ ಸ್ನಾಯು ಬಹುಪಾಲು ಉಳಿಯುತ್ತೆ. ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ. ಮೈ ಬೆಳೆಸೋಕೆ ಭಾರ ಎತ್ತುವವರಿಗೆ 1.6 ಗ್ರಾಂ ಆಸುಪಾಸು, ಅದರ ಮೇಲೆ ತಿಂದರೆ ಹೆಚ್ಚಿನ ಲಾಭ ಕಾಣುವುದಿಲ್ಲ ಅನ್ನೋದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ಮಾತು. 80 ಕೆಜಿಯವನಿಗೆ 66ರಿಂದ 128 ಗ್ರಾಂ.

ನಮ್ಮ ಭಾವಮೈದ 80 ಕೆಜಿ. ಅವನ ಗುರಿ 176 ಗ್ರಾಂ. ಹೇಗೆ ಬಂತು ಅಂದರೆ, ಜಿಮ್‌ನಲ್ಲಿ ಯಾರೋ "ಒಂದು ಪೌಂಡಿಗೆ ಒಂದು ಗ್ರಾಂ" ಅಂದರಂತೆ. ಆತ ಜೀವನದಲ್ಲಿ ಪೌಂಡಿನಲ್ಲಿ ಏನನ್ನೂ ತೂಗಿದವನಲ್ಲ. ಪ್ರೊಟೀನ್‌ಗೋಸ್ಕರ ಕಲಿತ.

ತಮಾಷೆ ಇರೋದು ಆ 176ರಲ್ಲೂ ಅಲ್ಲ. ಅದು ಊಟದ ಬದಲಿಗೆ ಬರಲಿಲ್ಲ, ಊಟದ ಜೊತೆಗೆ ಬಂತು. ಬೆಳಿಗ್ಗೆ ಎಂದಿನ ತಿಂಡಿ. ಆಮೇಲೆ ಮಿಕ್ಸಿ ಸದ್ದು. ಎರಡು ಸ್ಕೂಪ್ ಪ್ರೊಟೀನ್ ಪುಡಿ, ಒಂದು ದೊಡ್ಡ ಲೋಟ ಗಟ್ಟಿ ಹಾಲು, ಒಂದು ಬಾಳೆಹಣ್ಣು, ಎರಡು ಚಮಚ ಪೀನಟ್ ಬಟರ್. ಒಟ್ಟು 700 ಕ್ಯಾಲರಿಗೆ ಹತ್ತಿರ. ಇಳಿಯಬೇಕು ಅಂತ ಹೊರಟವನು ಒಂದು ಪೂರ್ತಿ ಊಟವನ್ನು ಕುಡಿದುಬಿಡ್ತಾನೆ, ಅಗಿಯೋ ಶ್ರಮವೂ ಇಲ್ಲದೆ. ಕೇಳಿದರೆ, "ಭಾವ, ಇದು ಪ್ರೊಟೀನ್. ಇದು ಲೆಕ್ಕಕ್ಕೆ ಬರಲ್ಲ."

ಆ ಪುಡಿಯ ಭಾಗ್ಯ ನೋಡಿ. ಅದನ್ನು ಮಾಡೋದು ವೇಯಿಂದ. ವೇ ಅಂದರೆ ಚೀಸ್ ಮಾಡುವಾಗ ಗಟ್ಟಿ ತೆಗೆದ ಮೇಲೆ ಉಳಿಯುವ ತಿಳಿನೀರು. ಒಂದು ಕಾಲಕ್ಕೆ ಚೀಸ್ ಮಾಡುವವರಿಗೆ ಅದೊಂದು ತಲೆನೋವು. ಹಂದಿಗೆ ಕುಡಿಸುತ್ತಿದ್ದರು, ಹೊಲಕ್ಕೆ ಸುರಿಯುತ್ತಿದ್ದರು, ಹೊಳೆಗೂ ಬಿಡುತ್ತಿದ್ದರು. ಈಗ ಅದು ಒಣಗಿ, ಕಪ್ಪು ಡಬ್ಬಿ ಸೇರಿ, ನಮ್ಮ ಅಡುಗೆಮನೆಯಲ್ಲಿ ಎತ್ತರದ ಕಪಾಟಿನಲ್ಲಿ ಕೂತಿದೆ. ಮಕ್ಕಳು ಮುಟ್ಟುವ ಹಾಗಿಲ್ಲ.

ಜಿಮ್‌ಗೆ ನಾನೂ ಒಂದು ತಿಂಗಳು ಹೋದೆ. ಅಲ್ಲೊಂದು ಟ್ರೆಡ್‌ಮಿಲ್. ನನ್ನ ಪಕ್ಕದಲ್ಲಿ ಒಬ್ಬರು ಹಿರಿಯರು ಅದರ ಏರು ಎಷ್ಟು ಆಗುತ್ತೋ ಅಷ್ಟಕ್ಕೂ ಇಟ್ಟು, ಎರಡೂ ಕೈಯಲ್ಲಿ ಮುಂದಿನ ಸರಳನ್ನು ಬಿಗಿಯಾಗಿ ಹಿಡಿದು, ಬಾವಿಗೆ ಬಿದ್ದವರು ಹಗ್ಗ ಹಿಡಿದ ಹಾಗೆ ಹಿಂದಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಭಾರವೆಲ್ಲ ಸರಳಿನ ಮೇಲೆ. ಪರದೆಗೆ ಅದು ಹೇಗೆ ಗೊತ್ತಾಗಬೇಕು? ಅದು ಬೆಟ್ಟ ಹತ್ತಿದವರ ಲೆಕ್ಕ ತೋರಿಸುತ್ತಿತ್ತು. ಹಿರಿಯರು ಇಳಿದು, ಪರದೆಯ ಫೋಟೋ ತೆಗೆದುಕೊಂಡರು.

ಅಲ್ಲಿನ ಟ್ರೈನರ್ ಹುಡುಗ ಒಳ್ಳೆಯವನು. "ಸರ್, ಮಸಲ್ ಬೆಳೆಸಿ ಸಾಕು, ಮಲಗಿದ್ರೂ ಕ್ಯಾಲರಿ ಬರ್ನ್ ಆಗ್ತಾ ಇರುತ್ತೆ." ಕೇಳಿ ರೋಮಾಂಚನವಾಯಿತು. ಮಲಗೋದು ನನಗೆ ಬರುವ ವಿದ್ಯೆ. ಮನೆಗೆ ಬಂದು ನೋಡಿದೆ. ಒಂದು ಕೆಜಿ ಸ್ನಾಯು ಸುಮ್ನೆ ಇದ್ದಾಗ ದಿನಕ್ಕೆ ಸುಡೋದು ಸುಮಾರು 13 ಕ್ಯಾಲರಿ. ನನ್ನ ವಯಸ್ಸಿನಲ್ಲಿ ಒಂದು ಕೆಜಿ ಸ್ನಾಯು ಬೆಳೆಯೋಕೆ ತಿಂಗಳುಗಟ್ಟಲೆ ಒದ್ದಾಡಬೇಕು. ಅಷ್ಟೆಲ್ಲ ಆದ ಮೇಲೆ ದಿನಕ್ಕೆ ಅರ್ಧ ಬಿಸ್ಕತ್ತು ಉಚಿತ. ಇನ್ನೊಂದು ಅರ್ಧಕ್ಕೆ ಇನ್ನೊಂದು ಕೆಜಿ.

ಭಾರ ಎತ್ತೋದರಿಂದ ಬೇರೆ ಲಾಭ ಬೇಕಾದಷ್ಟಿದೆ. ಮೂಳೆ, ಸಕ್ಕರೆ ಕಾಯಿಲೆ, ಮುದಿ ವಯಸ್ಸಿನಲ್ಲಿ ಬೀಳದೆ ಇರೋದು, ಎಲ್ಲಕ್ಕೂ ಒಳ್ಳೆಯದು. ಆದರೆ ಅದನ್ನು ಯಾರೂ ಪೋಸ್ಟರ್ ಮಾಡಲ್ಲ. "ಎಪ್ಪತ್ತರಲ್ಲಿ ಕುರ್ಚಿಯಿಂದ ನೀವೇ ಏಳಿ" ಅಂತ ಬರೆದರೆ ಯಾರು ಬರ್ತಾರೆ?

ಮೊದಲ ವಾರ ನಾನು ಎರಡು ಕೆಜಿ ಇಳಿದೆ. ಮನೆಯಲ್ಲಿ ಘೋಷಿಸಿದೆ, ಹಳೇ ಪ್ಯಾಂಟು ಹುಡುಕಿಸಿದೆ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ. ಎರಡು ಕೆಜಿ ಅಂದರೆ 15,400. ಒಂದು ವಾರದಲ್ಲಿ ನಾನು ಉಪವಾಸ ಬಿದ್ದಿದ್ದರೂ ಅಷ್ಟು ಆಗುತ್ತಿತ್ತೋ ಇಲ್ಲವೋ. ಹೋದದ್ದು ನೀರು. ದೇಹ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತೆ. ಊಟ ಕಡಿಮೆಯಾದರೆ ಮೊದಲು ಅದು ಖಾಲಿ, ಅದರ ಹಿಂದೆ ನೀರೂ ಹೊರಗೆ. ಎರಡನೇ ವಾರ ಒಂದು ಮನೆಯ ಸಮಾರಂಭಕ್ಕೆ ಹೋಗಿಬಂದೆ. ಆ ನೀರು ಪೂರ್ತಿ ವಾಪಸ್ ಬಂತು. ಪ್ಯಾಂಟು ಮತ್ತೆ ಅಟ್ಟಕ್ಕೆ.

ಈಗ ನನ್ನ ಕೈಗೂ ಒಂದು ವಾಚು ಬಂದಿದೆ. ಭಾವಮೈದ ಕೊಟ್ಟದ್ದು, ಹುಟ್ಟುಹಬ್ಬಕ್ಕೆ. ನಿನ್ನೆ ಹಲ್ಲುಜ್ಜುವಾಗ ಅದಕ್ಕೆ 80 ಹೆಜ್ಜೆ ಸಿಕ್ಕಿತು. ನಾನು ಬೇಡ ಅನ್ನಲಿಲ್ಲ, ಎಡಗೈಯಲ್ಲೇ ಇನ್ನೂ ಸ್ವಲ್ಪ ಹೊತ್ತು ಉಜ್ಜಿದೆ.

ಬೆಳಿಗ್ಗೆ ತೂಕ ನೋಡುವಾಗ ಮಾತ್ರ ಬಿಚ್ಚಿಡ್ತೀನಿ. ಮೂವತ್ತು ಗ್ರಾಂ ಇದೆ ಅದು. ಬಚ್ಚಲಿನಿಂದ ತೂಕದ ಯಂತ್ರದವರೆಗೆ ನಡೆದ ಹನ್ನೊಂದು ಹೆಜ್ಜೆ ಲೆಕ್ಕಕ್ಕೆ ಬರೋದಿಲ್ಲ ಅನ್ನೋದೊಂದೇ ಬೇಜಾರು.