ಅಳಿಯಂದಿರು ಹಲ್ಲು ಮಾಡ್ತಾರೆ

ಪೀಣ್ಯದ ಕಡೆ ನನ್ನನ್ನು ಗೇರ್ ಡಿಸೈನರ್ ಅಂತಾರೆ. ನಮ್ಮ ಅತ್ತೆ ಮಾತ್ರ ನೆಂಟರಿಗೆಲ್ಲ 'ಅಳಿಯಂದಿರು ಕಂಪ್ಯೂಟರಲ್ಲಿ ಹಲ್ಲು ಮಾಡ್ತಾರೆ' ಅಂತ ಹೇಳಿಬಿಟ್ಟಿದ್ದಾರೆ. ದೂರದ ದೊಡ್ಡಪ್ಪ ಒಬ್ಬರು, ಪೂರ್ತಿ ಸೆಟ್ಟಿಗೆ ಎಷ್ಟಾಗುತ್ತೆ ಅಂತ ಫೋನೇ ಮಾಡಿದರು.

ಗಿರಾಕಿಗಳೂ ಕಮ್ಮಿ ಏನಿಲ್ಲ. ಮುರಿದ ಗೇರಿನ ಫೋಟೋ ವಾಟ್ಸಾಪಿಗೆ ಬರುತ್ತದೆ. ಪಕ್ಕದಲ್ಲಿ ಅಳತೆಗೆ ಅಂತ ಒಂದು ಬೆಂಕಿಪೊಟ್ಟಣ. 'ಸರ್, ಸಂಜೆಗೆ ಡ್ರಾಯಿಂಗ್ ಬೇಕು.'

ಮೊನ್ನೆ ಒಬ್ಬ ಯಜಮಾನರು ಪುಣ್ಯಕ್ಕೆ ಗೇರನ್ನೇ ಕಳಿಸಿದ್ದರು, ಪೇಪರಿನಲ್ಲಿ ಸುತ್ತಿ. ಹಳೇ ಇಂಗ್ಲಿಷ್ ಲೇತಿನದು. 24 ಹಲ್ಲು, ಅದರಲ್ಲಿ ಎರಡು ಉದುರಿವೆ. ವರ್ನಿಯರ್ ಹಿಡಿದರೆ ಹೊರಗಿನ ಅಳತೆ 66 ಮಿಲಿಮೀಟರ್. ಸ್ಪರ್ ಗೇರಿನ, ಅಂದರೆ ನೇರ ಹಲ್ಲಿನ ಗೇರಿನ, ಲೆಕ್ಕ ಸುಲಭ: ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಅದರಿಂದ ಹೊರ ಅಳತೆಯನ್ನು ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಬರುತ್ತದೆ. ಇಲ್ಲಿ ಬಂದಿದ್ದು 2.538.

'2.5 ಸರ್. ಸವೆದಿದೆ, ಅದಕ್ಕೇ ವ್ಯತ್ಯಾಸ' ಅಂದ ನಮ್ಮ ಟ್ರೈನಿ ಹುಡುಗ.

2.5 ಆಗಿದ್ದರೆ 65 ಇರಬೇಕಿತ್ತು. ಸವೆದು ದಪ್ಪ ಆಗುವ ಗೇರನ್ನು ನಾನಂತೂ ನೋಡಿಲ್ಲ. ಅದು ಇಂಚಿನ ಗೇರು. ಹಲ್ಲಿಗೆ ಹಲ್ಲು ಸೇರುವ ವೃತ್ತಕ್ಕೆ ಪಿಚ್ ವೃತ್ತ ಅಂತಾರೆ. ಅದರ ವ್ಯಾಸದ ಒಂದೊಂದು ಇಂಚಿಗೆ 10 ಹಲ್ಲಿನ ಲೆಕ್ಕ, ಅಂದರೆ 10 ಡಿಪಿ (ಡಯಾಮೆಟ್ರಲ್ ಪಿಚ್). ಒಂದಿಂಚು, ಅಂದರೆ 25.4 ಮಿಲಿಮೀಟರನ್ನು ಹತ್ತರಿಂದ ಭಾಗಿಸಿದರೆ ಮಾಡ್ಯೂಲ್ 2.54. ಜೊತೆಗೆ ಅದರ ಪ್ರೆಷರ್ ಆ್ಯಂಗಲ್ (ಹಲ್ಲು ಹಲ್ಲನ್ನು ತಳ್ಳುವ ಕೋನ) ಹಳೇ ಕಾಲದ 14.5 ಡಿಗ್ರಿ, ಈಗಿನ ಸಾಫ್ಟ್‌ವೇರ್ ಕೇಳದೆಯೇ 20 ಹಾಕಿಕೊಳ್ಳುತ್ತದೆ.

ಯಜಮಾನರಿಗೆ ಇದನ್ನೆಲ್ಲ ವಿವರಿಸಿದೆ. 'ಅಯ್ಯೋ ಬಿಡಿ ಸರ್, ನಮ್ಮಲ್ಲಿ ಎರಡೂವರೆ ಮಾಡ್ಯೂಲ್ ಕಟರ್ ಇದೆ. ಅದರಲ್ಲೇ ಹೊಡೆಸ್ತೀನಿ. ಕೂದಲೆಳೆ ವ್ಯತ್ಯಾಸ!' ಅಂದರು. ಆ ಕೂದಲೆಳೆ ಪಿಚ್ ವ್ಯಾಸದಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಹೊಡೆಸಿಯೇ ಹೊಡೆಸಿದರು. ಆಮೇಲೆ ಫೋನ್ ಬಂತು. ಹಿನ್ನೆಲೆಯಲ್ಲಿ ಲೇತ್ ಕರಕರ ಅಂತ ಅರಚುತ್ತಿತ್ತು, ಅದಕ್ಕಿಂತ ಜೋರಾಗಿ ಇವರು. 'ಗ್ರೀಸ್ ಜಾಸ್ತಿ ಹಾಕಿದರೆ ಸರಿಹೋಗುತ್ತೆ ಅಲ್ವಾ?'

ಕಂಪ್ಯೂಟರಿನಲ್ಲಿ ಈ ಅರಚಾಟ ಇಲ್ಲ ನೋಡಿ. ಎರಡು ಗೇರುಗಳು ತಿರುಗುವ ಅನುಪಾತ ಕೊಟ್ಟರೆ ಸಾಕು, ಒಂದರ ಹಲ್ಲು ಇನ್ನೊಂದರ ಹೊಟ್ಟೆಗೇ ಹೊಕ್ಕರೂ ಎರಡೂ ನಗುನಗುತ್ತಾ ತಿರುಗುತ್ತವೆ. ನಮ್ಮ ಅಕ್ಕನ ಮಗ ಬಿದ್ದಿದ್ದು ಇದೇ ಹಳ್ಳಕ್ಕೆ. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ತಾನೇ ಎರಡು ಗೇರ್ ಬರೆದು ತ್ರೀಡಿ ಪ್ರಿಂಟ್ ಹಾಕಿಸಿದ. ಹಲ್ಲುಗಳ ನಡುವೆ ಒಂಚೂರು ಸಡಿಲ ಬೇಕು, ಅದಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ ಅಂದೆ. 'ಸ್ಕ್ರೀನಲ್ಲಿ ತಿರುಗ್ತಾ ಇದೆಯಲ್ಲ ಮಾಮ' ಅಂದ. ಪ್ರಿಂಟಿನಲ್ಲಿ ಹಲ್ಲು ಕೂದಲಷ್ಟು ಊದಿಕೊಂಡು ಬಂದವು. ಹಲಗೆ ಮೇಲೆ ಕೂರಿಸಿದ್ದೇ ತಡ, ಎರಡೂ ಕಚ್ಚಿಕೊಂಡವು. ಅಕ್ಕ ಕೊಬ್ಬರಿ ಎಣ್ಣೆ ಬಿಟ್ಟಳು. ಭಾವ ಕಟಿಂಗ್ ಪ್ಲೇಯರ್ ತಂದರು. ಅಲ್ಲಾಡಲಿಲ್ಲ.

ಬೆಳಿಗ್ಗೆ ಹುಡುಗ 'ವೇಗ ವರ್ಧಕ ಯಂತ್ರ' ಅನ್ನೋ ಚಾರ್ಟ್ ಹರಿದುಹಾಕಿ, 'ಘರ್ಷಣೆ: ಒಂದು ಪ್ರಾತ್ಯಕ್ಷಿಕೆ' ಅಂತ ಹೊಸದು ಬರೆದುಕೊಂಡು ಹೋದ. ಎರಡನೇ ಬಹುಮಾನ ಬಂತು.