ಗೊಂಬೆ ಹಬ್ಬದ ಸ್ಪೀಕರು

ಹನುಮಂತನಗರದ ನಮ್ಮ ಮನೆಯಲ್ಲಿ ಒಂದು ಜೊತೆ ಹಳೇ ಸ್ಪೀಕರ್ ಇವೆ. 1984ರಲ್ಲಿ ಅಪ್ಪ ಬೋನಸ್ ದುಡ್ಡಲ್ಲಿ ತಂದಿದ್ದು. ಕೆಲವು ವರ್ಷ ಚೆನ್ನಾಗಿ ಹಾಡಿದವು. ಆಮೇಲೆ ಮನೆಗೆ ಟಿವಿ ಬಂತು, ಟೇಪ್ ರೆಕಾರ್ಡರ್ ಕೆಟ್ಟಿತು, ಅಮ್ಮ ಇವುಗಳ ತಲೆ ಮೇಲೆ ಕ್ರೋಶಾ ಬಟ್ಟೆ ಹೊದಿಸಿ ಒಂದರ ಮೇಲೆ ಫೋನು, ಇನ್ನೊಂದರ ಮೇಲೆ ಮನಿಪ್ಲಾಂಟ್ ಇಟ್ಟುಬಿಟ್ಟರು. ದಸರಾಗೆ ಮಾತ್ರ ಬಡ್ತಿ. ಎರಡನ್ನೂ ಅಡ್ಡ ಮಲಗಿಸಿ ಮೇಲೊಂದು ಹಲಗೆ ಹಾಕಿದರೆ ಗೊಂಬೆ ಕೂರಿಸೋಕೆ ಕೆಳಗಿನ ಮೆಟ್ಟಿಲು ರೆಡಿ. ಅಂಗಡಿ ಇಟ್ಟುಕೊಂಡ ಶೆಟ್ಟರು, ಶೆಟ್ಟಮ್ಮ ಎಷ್ಟೋ ವರ್ಷದಿಂದ ಕೂರುವುದು ಅಲ್ಲೇ.

ಈ ಸಲ ಬೇಸಿಗೆಯಲ್ಲಿ ನನಗೆ ಸುಮ್ನೆ ಕೂರಲಾಗದೆ ಒಂದರ ಮುಂದಿನ ಬಟ್ಟೆ ಬಿಚ್ಚಿದೆ. ಅಲುಗಾಡಿ ಸದ್ದು ಮಾಡುವ ಎಂಟಿಂಚಿನ ಕೋನು ಗಟ್ಟಿಯಾಗೇ ಇತ್ತು. ಅದರ ಸುತ್ತ ಇರುವ ಫೋಮ್ ಬಳೆ ಮಾತ್ರ ಮುಟ್ಟಿದ ಕೂಡಲೇ ಕಪ್ಪು ವಿಭೂತಿ ಥರ ಬೆರಳಿಗೆ ಹತ್ತಿತು. ಬಳಸದೆ ಜೋಪಾನವಾಗಿ ಇಟ್ಟಿದ್ದೆವಲ್ಲ ಅಂದುಕೊಂಡಿದ್ದೆ. ಈ ಫೋಮಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಗಾಳಿ ಮತ್ತು ತೇವ ಸಾಕು, ಹಾಡಿಸಿದರೂ ಹಾಡಿಸದಿದ್ದರೂ ಹದಿನೈದಿಪ್ಪತ್ತು ವರ್ಷಕ್ಕೆ ಪುಡಿಯಾಗುತ್ತೆ.

ಉಳಿದಂತೆ ಸ್ಪೀಕರ್ ಒಳಗೆ ಇರುವುದಾದರೂ ಏನು? ಕಾಗದದ ಕೋನು, ತಂತಿಯ ಸುರುಳಿ, ಒಂದು ಅಯಸ್ಕಾಂತ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ತೋರಿಸಿಕೊಟ್ಟ ವಿದ್ಯೆ, ಇವತ್ತಿಗೂ ಹೆಚ್ಚುಕಮ್ಮಿ ಅದೇ. ಇಷ್ಟು ಸಣ್ಣ ವಿಷಯ ನನ್ನ ಕೈಲಿ ಆಗಲ್ವಾ ಅಂತ ಧೈರ್ಯ ಬಂತು. ಆಮೇಲೆ ವಿದ್ಯುತ್ತಿಗೆ ಒಡ್ಡುವ ತಡೆ ಅಳೆಯೋಣ ಅಂತ ಮೀಟರ್ ಇಟ್ಟು ನೋಡಿದರೆ ಎಂಟು ಓಮ್ ಅಂತ ಬರೆದಿರುವ ಸ್ಪೀಕರ್ ಆರೇ ತೋರಿಸುತ್ತಿದೆ. ಧೈರ್ಯ ಇಳಿಯಿತು. ಅದು ಹಾಗೇ ತೋರಿಸಬೇಕಂತೆ. ಎಂಟು ಅನ್ನುವುದು ಹಾಡುವಾಗಿನ ಲೆಕ್ಕ, ಮೀಟರು ಹೇಳುವುದು ಬರೀ ತಂತಿಯದ್ದು.

ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ 'ಎಂಟಿಂಚಿನ ಫೋಮ್ ಕೊಡಿ' ಅಂದೆ. ಅಂಗಡಿಯವರು 'ಯಾವ ಎಂಟಿಂಚು ಸಾರ್?' ಅಂದರು. ಕೋನಿನ ಅಗಲ, ಚೌಕಟ್ಟಿನ ಅಗಲ, ಎರಡನ್ನೂ ಅಳೆದು ತರಬೇಕಿತ್ತಂತೆ. ವಾಪಸ್ ಬಂದು, ಅಮ್ಮನ ಹೊಲಿಗೆ ಟೇಪಲ್ಲಿ ಅಳೆದು, ಮತ್ತೆ ಹೋದೆ. ಟ್ವೀಟರ್ ಅಂದರೆ ಮೇಲಿನ ಸ್ವರ ಹಾಡುವ ಪುಟ್ಟ ಸ್ಪೀಕರು, ಅದರ ದಾರಿಯಲ್ಲಿ ತಗ್ಗಿನ ಸ್ವರ ತಡೆಯುವ ಕೆಪಾಸಿಟರ್ ಕೂಡ ಒಣಗಿರುತ್ತೆ, ಬದಲಾಯಿಸಿ ಅಂತ ಅವರೇ ನೆನಪಿಸಿದರು. 'ಫಿಲ್ಮ್‌ದು ಹಾಕಿ ಸಾರ್, ಸಾಯೋವರೆಗೂ ಚಿಂತೆ ಇಲ್ಲ.' ಯಾರು ಸಾಯೋವರೆಗೂ ಅಂತ ನಾನು ಕೇಳಲಿಲ್ಲ.

ಕಷ್ಟದ ಕೆಲಸ ಅಂದರೆ ಕೋನನ್ನು ಸರಿಯಾಗಿ ನಡುವಿಗೆ ಕೂರಿಸುವುದು. ಕೂದಲೆಳೆಯಷ್ಟು ಆಚೀಚೆ ಆದರೂ ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜಿ ಖರಖರ ಅನ್ನುತ್ತೆ. ಅದಕ್ಕೆ ನಡುವಿನ ಟೊಪ್ಪಿ ಬಿಡಿಸಿ, ಸುರುಳಿಯ ಒಳಸುತ್ತಿಗೆ ತೆಳು ಪಟ್ಟಿ ತುರುಕಿ, ಅದು ಅಲ್ಲಾಡದ ಹಾಗೆ ಇಟ್ಟುಕೊಂಡು ಫೋಮ್ ಅಂಟಿಸಬೇಕು. ಪಟ್ಟಿಗೆ ಏನು ಮಾಡುವುದು? ಬೀರು ಮೇಲೆ ಅಪ್ಪನ ಮೊಣಕಾಲಿನ ಎಕ್ಸ್‌ರೇ ಕಾಣಿಸಿತು. ಕತ್ತರಿ ಹಾಕುವಾಗ ಅಪ್ಪ ಬಂದರು. 'ಲೋ, ಡಾಕ್ಟರು ಕೇಳಿದರೆ?' 'ಇದು 2009ರದ್ದು ಅಪ್ಪ.' 'ಮೊಣಕಾಲು ಅದೇ ಅಲ್ವೇನೋ' ಅಂದರು. ಅಷ್ಟರಲ್ಲಿ ನಾಲ್ಕು ಪಟ್ಟಿ ಆಗಿಹೋಗಿತ್ತು. ಅಂಟು ಒಣಗಲು ಒಂದಿಡೀ ರಾತ್ರಿ. ಬೆಳಿಗ್ಗೆ ಪಟ್ಟಿ ಎಳೆದು, ಕೋನಿನ ಮೇಲೆ ಮೂರು ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗೆ ಹೋಯಿತು, ಹೊರಗೆ ಬಂತು. ಸದ್ದಿಲ್ಲ. ಆ ಸದ್ದಿಲ್ಲದ ಸುಖವನ್ನು ಯಾರಿಗೆ ಹೇಳಿದರೂ ಅರ್ಥ ಆಗಲಿಲ್ಲ ಬಿಡಿ.

ಎರಡೂ ಜೋಡಿಸಿ ಒಂದು ವೀಣೆ ಕಚೇರಿ ಹಾಕಿದೆ. ಅಪ್ಪ ಕಣ್ಣು ಮುಚ್ಚಿ ತಲೆ ಆಡಿಸಿದರು. ನನಗೂ ಗಂಟಲು ಕಟ್ಟಿದ ಹಾಗಾಯಿತು. ಅಡುಗೆಮನೆಯಿಂದ ಅಮ್ಮ, 'ಮೃದಂಗದವನು ರಜಾ ಹಾಕಿದಾನೇನೋ?'

ಸರಿಯಾಗೇ ಹೇಳಿದ್ದರು. ಮೃದಂಗದ ಎಡಗೈ ಕಡೆಯ ದಪ್ಪ ನಾದ, ಗುಂಕಿ, ಇರಲೇ ಇಲ್ಲ. ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ತೆಗೆದು ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದೆ. ಒಂದರ ಕೋನು ಮುಂದೆ ಜಿಗಿಯಿತು, ಇನ್ನೊಂದರದ್ದು ಹಿಂದೆ. ಬೆಸುಗೆ ಹಾಕುವಾಗ ತಂತಿ ಅದಲುಬದಲು ಮಾಡಿದ್ದೆ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಂಡರೆ ತಗ್ಗಿನ ಸ್ವರಗಳೆಲ್ಲ ಒಂದನ್ನೊಂದು ನುಂಗಿಹಾಕುತ್ತವೆ. ಮೀಟರು, ಕೆಪಾಸಿಟರು ಅಂತ ಮಾತಾಡುತ್ತಿದ್ದ ನನಗೆ ಕೇಳಿಸದ್ದು ಒಗ್ಗರಣೆ ಸದ್ದಿನ ನಡುವೆ ಅಮ್ಮನಿಗೆ ಕೇಳಿಸಿತ್ತು. ತಂತಿ ತಿರುಗಿಸಿದೆ, ಮೃದಂಗದವನು ಕೆಲಸಕ್ಕೆ ಬಂದ. ಗಡಿಯಾರಕ್ಕೆ ಸೆಲ್ ವಾಪಸ್ ಹಾಕಿದ್ದು ಮಾತ್ರ ಎರಡು ದಿನ ಆದಮೇಲೆ.

ನವರಾತ್ರಿಗೆ ಎರಡು ದಿನ ಇರುವಾಗ ಅಮ್ಮ ಹಲಗೆ ಒರೆಸಿಕೊಂಡು ಬಂದರು. 'ಹಾಡು ಕೇಳಿದ್ದಾಯ್ತಲ್ಲ, ಇನ್ನು ಮಲಗಿಸು.' ನಾನು ಫೋಮು, ಎಕ್ಸ್‌ರೇ ಎಲ್ಲ ಹೇಳಿ ನೋಡಿದೆ. ಶೆಟ್ಟರು ಎಲ್ಲಿ ಕೂರಬೇಕು ಹಾಗಾದರೆ ಅಂತ ಕೇಳಿದರು. ಉತ್ತರ ಇರಲಿಲ್ಲ. ಕಡೆಗೆ ರಾಜಿ ಆಯಿತು, ಮಲಗಿಕೊಂಡೇ ಹಾಡಲಿ ಅಂತ. ಮೊದಲ ದಿನ ಸಂಜೆ ಕುಂಕುಮಕ್ಕೆ ಬಂದವರೆದುರು ನಾದಸ್ವರ ಹಾಕಿದೆ. ಡೋಲು ಜೋರಾಗುತ್ತಿದ್ದ ಹಾಗೆ ಶೆಟ್ಟಮ್ಮ ಶೆಟ್ಟರನ್ನು ಬಿಟ್ಟು ಹಲಗೆಯ ಅಂಚಿನ ಕಡೆ ಹೊರಟಿದ್ದರು. ಅಮ್ಮ ಒಳಗೆ ಹೋಗಿ ಚಪಾತಿ ಹಿಟ್ಟಿನ ಸಣ್ಣ ಉಂಡೆ ತಂದು, ಶೆಟ್ಟಮ್ಮನನ್ನು ಎತ್ತಿ, ಉಂಡೆಯನ್ನು ಅವರ ಕೆಳಗೆ ಇಟ್ಟು, ಗಟ್ಟಿಯಾಗಿ ಒತ್ತಿ ಕೂರಿಸಿದರು.