ಹಗೆಯಿಲ್ಲದ ಪ್ರತಿಕೂಲ ಸಾಕ್ಷಿ

ನಮ್ಮ ನ್ಯಾಯಾಲಯಗಳಲ್ಲಿ ‘ಪ್ರತಿಕೂಲ ಸಾಕ್ಷಿ’, ಅಂದರೆ ಕರೆತಂದವರ ವಿರುದ್ಧವೇ ತಿರುಗಿಬಿದ್ದ ‘ಹಾಸ್ಟೈಲ್’ ಸಾಕ್ಷಿ, ಎನಿಸಿಕೊಂಡವರಷ್ಟು ಎಲ್ಲರಿಗೂ ಅನುಕೂಲವಾಗಿ ನಡೆದುಕೊಳ್ಳುವ ಜನ ಬೇರೆಲ್ಲೂ ಸಿಗಲಾರರು. ಪೊಲೀಸರು ಕರೆದಾಗ ಚಹಾದ ಲೋಟ ಕೆಳಗಿಟ್ಟು ಬಂದು ಶೋಧನೆ, ಜಪ್ತಿಯ ದಾಖಲೆಯಾದ ಮಹಜರಿಗೆ ಸಹಿ ಹಾಕಿದವರೂ ಅವರೇ, ವರ್ಷಗಳು ಕಳೆದ ಮೇಲೆ ಕಟಕಟೆ ಹತ್ತಿ, ಆರೋಪಿಯ ಮನಸ್ಸೂ ನೋಯಬಾರದೆಂದು, ಸಹಿ ತಮ್ಮದೇ ಹೌದು, ಅದರ ಮೇಲಿನ ನಾಲ್ಕು ಪುಟದ ಸಂಗತಿ ಮಾತ್ರ ತಮಗೆ ತಿಳಿಯದು ಎನ್ನುವವರೂ ಅವರೇ.

1872ರ ಸಾಕ್ಷ್ಯ ಅಧಿನಿಯಮದಲ್ಲಿ ಈ ಪದವೇ ಇರಲಿಲ್ಲ. ಸಾಕ್ಷಿಯನ್ನು ಕರೆತಂದ ಪಕ್ಷದವರೇ, ನ್ಯಾಯಾಲಯದ ಅನುಮತಿ ಪಡೆದು, ಎದುರಾಳಿಯು ಪಾಟೀಸವಾಲಿನಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ತಾವೂ ಕೇಳಬಹುದು ಎಂದಷ್ಟೇ ಅದರ 154ನೇ ಕಲಂ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿ ಆ ಕಲಮಿನ ಸಂಖ್ಯೆ 157 ಆಯಿತು. ಹಗೆತನದ ಮಾತು ಅಲ್ಲಿಯೂ ಇಲ್ಲ. ಅದು ಇಂಗ್ಲಿಷ್ ನ್ಯಾಯಾಲಯಗಳಿಂದ ನಮಗೆ ಬಂದ ಬಳುವಳಿ.

ಶೋಧನೆಗೆ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳು ಸಾಕ್ಷಿಗಳಾಗಿರಬೇಕೆಂದು ಕಾನೂನು ಬಯಸುತ್ತದೆ. ಈ ಎರಡೂ ಗುಣಗಳು ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲೇ ಹೇರಳವಾಗಿ ದೊರೆಯುವಾಗ ಊರೆಲ್ಲ ಸುತ್ತುವ ಅಗತ್ಯವೇನಿದೆ? ಸಕಾರಣವಿಲ್ಲದೆ ಒಲ್ಲೆನೆಂದರೆ ಅದೂ ಅಪರಾಧವಾದ್ದರಿಂದ, ಗೌರವಸ್ಥರು ಗೌರವ ಉಳಿಸಿಕೊಳ್ಳಲಾದರೂ ಸಹಿ ಹಾಕುತ್ತಾರೆ. ‘ಪಂಚರಾದ ನಮಗೆ ಓದಿ ಹೇಳಲಾಗಿ, ಕೇಳಿ ಸರಿಯಿದೆಯೆಂದು ಒಪ್ಪಿ’ ಎಂಬ ಕೊನೆಯ ಸಾಲು ಮೊದಲೇ ಬರೆದಿಟ್ಟಿರುತ್ತದೆ.

ವಿಚಾರಣೆಯ ದಿನ ಆ ಸಹಿಗೆ ನಿ.ಪಿ.2(ಎ) ಎಂಬ, ಪ್ರಾಸಿಕ್ಯೂಷನ್ ಕಡೆಯ ದಾಖಲೆಯ ಗುರುತು ಬೀಳುತ್ತದೆ. ಸಾಕ್ಷಿಯು ಪ್ರಾಸಿಕ್ಯೂಷನ್‌ಗೆ ಬೆಂಬಲ ನೀಡಿಲ್ಲವೆಂದು ದಾಖಲಾದೊಡನೆ ಸರ್ಕಾರಿ ಅಭಿಯೋಜಕರು, ಚಾಕುವನ್ನು ನಿಮ್ಮ ಸಮಕ್ಷಮದಲ್ಲೇ ವಶಪಡಿಸಿಕೊಳ್ಳಲಿಲ್ಲವೇ ಎನ್ನುತ್ತಾರೆ, ಸರಿಯಲ್ಲ ಎಂಬುದು ಸಾಕ್ಷಿಯ ಉತ್ತರ. ಆರೋಪಿಗೆ ಸಹಾಯ ಮಾಡಲು ಸುಳ್ಳು ಹೇಳುತ್ತಿದ್ದೀರಿ ಎನ್ನುತ್ತಾರೆ, ಅದೂ ಸರಿಯಲ್ಲ. ಸಾಕ್ಷಿ ಹಾಗೆ ತಿರುಗಿ ನುಡಿದ ಮಾತ್ರಕ್ಕೆ ಅವರ ಸಾಕ್ಷ್ಯವೆಲ್ಲ ಅಳಿಸಿಹೋಗದು, ನಂಬಲರ್ಹವಾದಷ್ಟನ್ನು ಆರಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಹಿಯೊಂದನ್ನು ಬಿಟ್ಟು ಏನನ್ನೂ ಒಪ್ಪದವರಿಂದ ಆರಿಸಿಕೊಳ್ಳುವುದೇನನ್ನು?

ಈಗ ಶೋಧನೆ, ಜಪ್ತಿಗಳನ್ನೆಲ್ಲ ಧ್ವನಿ ಸಹಿತ ಚಿತ್ರೀಕರಿಸಬೇಕೆಂಬ ನಿಯಮ ಬಂದಿದೆ. ಮೊಬೈಲ್ ಯಾರ ದಾಕ್ಷಿಣ್ಯಕ್ಕೂ ಒಳಗಾಗಿ ತಿರುಗಿಬೀಳದು ಎಂಬ ನಂಬಿಕೆ ಸರ್ಕಾರದ್ದು. ಆದರೆ ಆ ಚಿತ್ರೀಕರಣದ ಪ್ರತಿ ಸಾಕ್ಷ್ಯವಾಗಬೇಕಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೂ ಯಾರಾದರೂ ಸಹಿ ಹಾಕಬೇಕು.